ದೊರೆಯ ಕುತ್ತಿಗೆ ನೋವು

"ಕೇಳಿರಿ, ಕೇಳಿರಿ! ಹಿರೇಗಿರಿಯ ದೊರೆ ಸೋಮರಾಯರು ತಮ್ಮ ಕುತ್ತಿಗೆ ನೋವಿನ ಮೇಲೆ ಮೂರು ಒಗಟು ಇಟ್ಟಿದ್ದಾರೆ. ಮೂರನ್ನೂ ಒಡೆದವನು ಕೇಳಿದ್ದು ಪಡೆಯುವನು. ಒಂದು ತಪ್ಪಿದರೂ ಅಮಾವಾಸ್ಯೆಗೆ ಅವನ ಕುತ್ತಿಗೆ ಹೋಗುವುದು!"

ಡಂಗುರ ಹೊಡೆದ ದಿನವೇ ದೊರೆಗೆ ಎಣ್ಣೆ ತಿಕ್ಕುವ ಮಾಚಯ್ಯ ಸೆರೆ ಸೇರಿದ. ಹತ್ತು ವರ್ಷ ತಿಕ್ಕಿದರೂ ನೋವು ಮರಳಿ ಬಂತೆಂಬುದೇ ಅವನ ತಪ್ಪು. ಅವನಿಗೂ ಅದೇ ಅಮಾವಾಸ್ಯೆ.

ಮಾಚಯ್ಯನ ಹೆಂಡತಿಯ ತಮ್ಮ ದ್ಯಾವಣ್ಣ ಗಾಡಿ ಹೊಡೆಯುವವನು. ಭಾವನನ್ನು ಬಿಡಿಸಲು ಆಸ್ಥಾನಕ್ಕೆ ಬಂದ. ಮೂರು ದಿನ ಕಂಬದ ಪಕ್ಕ ನಿಂತು ನೋಡಿದ.

ಜೋಯಿಸ ಶೇಷಾಭಟ್ಟ ಮುಂದೆ ಬಂದ.

"ಕಳಿಸಿದರೆ ಹೋಗುವ ನೆಂಟ, ಹೇಳದೆ ಮತ್ತೆ ಬರುತ್ತಾನೆ. ಅವನನ್ನು ಕರೆತರುವವರು ಯಾರು?" ದೊರೆ ಕೇಳಿದ.

"ಶನಿ, ಮಹಾಪ್ರಭು."

"ಒಯ್ಯಿರಿ."

ಪೈಲ್ವಾನ ಕಾಳಿಂಗ ತೋಳೇರಿಸಿದ. "ತಲೆ ಕೊಡಿ, ಬುದ್ಧಿ. ಒಂದೇ ಸಲ ತಿರುಚಿ ಓಡಿಸುತ್ತೇನೆ."

"ನಾನು ಕೇಳಿದ್ದು ಅದಲ್ಲ. ಒಯ್ಯಿರಿ."

ದ್ಯಾವಣ್ಣ ಮುಂದೆ ಬಂದ. "ನೆಂಟ ಅಂದರೆ ನೋವು. ಕರೆತರುವವರು ನೀವೇ, ಬುದ್ಧಿ."

ದೊರೆ ಭಟರನ್ನು ಕೈಯೆತ್ತಿ ತಡೆದ.

"ಬಿಡಿಸಿ ಹೇಳು."

"ನಿಮ್ಮ ಬಲಕ್ಕೆ ಅಜ್ಜನವರ ಕತ್ತಿ. ಅಲ್ಲಿ ಯಾರೂ ನಿಲ್ಲುವಂತಿಲ್ಲ. ದೂರು ತಂದವರೆಲ್ಲ ಎಡಕ್ಕೆ. ದಿನವಿಡೀ ನಿಮ್ಮ ಕತ್ತು ಎಡಕ್ಕೇ. ಹಬ್ಬಕ್ಕೆ ಆಸ್ಥಾನ ಮುಚ್ಚಿದಾಗ ನೋವು ಇಳಿಯುತ್ತದೋ ಇಲ್ಲವೋ?"

"ಇಳಿಯುತ್ತದೆ."

"ಒಂದೇ ಕಡೆ ಕಟ್ಟಿದ ಎತ್ತಿನದೂ ಇದೇ ಪಾಡು."

"ನನ್ನನ್ನು ಎತ್ತು ಅಂತೀಯಾ?"

"ಎತ್ತಾಗಿದ್ದರೆ ಎಂದೋ ಕಡೆ ಬದಲಿಸುತ್ತಿದ್ದೆ."

ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು. ದೊರೆ ನಗದೆ ಎರಡನೆಯ ಒಗಟು ಇಟ್ಟ.

"ದುಡಿದರೂ ಬಿಗಿಯುವ, ಮಲಗಿದರೂ ಬಿಗಿಯುವ ಬೇಡಿ. ಅದರ ಬೀಗದ ಕೈ ಯಾವುದು?"

"ಅಲುಗಾಟ. ಮಲಗಿಬಿಡಬಾರದು. ಕೂತೇ ಇರಬಾರದು. ಗಳಿಗೆಗೊಮ್ಮೆ ಏಳಿ. ಕತ್ತನ್ನು ಮೆಲ್ಲಗೆ ಎರಡೂ ಕಡೆ ಹೊರಳಿಸಿ. ಬಿಸಿನೀರಿನ ಬಟ್ಟೆ ಇಡಿಸಿ. ತಲೆಗೆ ತೆಳ್ಳಗಿನ ದಿಂಬು ಒಂದೇ ಸಾಕು."

"ಕಳ್ಳ ಕುತ್ತಿಗೆಯಲ್ಲಿ, ಕಳವು ಬೆರಳಲ್ಲಿ. ಹೋದದ್ದೇನು?" ದೊರೆ ಮೂರನೆಯದು ಕೇಳಿದ.

ದ್ಯಾವಣ್ಣ ತನ್ನ ಬೆರಳು ಮಡಚಿ ಬಿಡಿಸಿ ನೋಡಿದ. ಭಟ ಒಂದು ಹೆಜ್ಜೆ ಮುಂದಿಟ್ಟ.

"ಹಿಡಿತ! ಬೆರಳು ಜೋಮು ಹಿಡಿದು ಲೋಟ ಜಾರಿದರೆ, ಕಾಲು ತಡವರಿಸಿದರೆ, ಅಂದೇ ವೈದ್ಯರನ್ನು ಕರೆಸಬೇಕು. ಅದು ನನ್ನಂಥವನ ಕೆಲಸವಲ್ಲ."

ದೊರೆ ಲೋಟ ಎತ್ತಿದ. ಕೈ ಗಟ್ಟಿಯಿತ್ತು.

"ಮೂರೂ ಸರಿ. ನೋವು ಮಾತ್ರ ಹಾಗೇ ಇದೆ."

"ಒಂದು ದಿನಕ್ಕೆ ಹೋಗದು. ಆರು ವಾರ ಬೇಕು."

"ಅಮಾವಾಸ್ಯೆ ನಾಳಿದ್ದೇ," ಅಂದ ಮಂತ್ರಿ.

ದೊರೆ ಯೋಚಿಸಿದ. "ಎಲ್ಲರ ತಲೆಗಳೂ ಆರು ವಾರ ಉಳಿಯಲಿ. ಅಲ್ಲಿಯವರೆಗೆ ನೀನೂ ಸೆರೆಯಲ್ಲಿರು."

ಕತ್ತಿ ಹಿಂದಿನ ಗೋಡೆಗೆ ಹೋಯಿತು. ದೂರಿನವರು ಎದುರಿಗೆ ನಿಂತರು. ಸೆರೆಯಲ್ಲಿ ಕಾಳಿಂಗ ದಿನ ಎಣಿಸಿದ. "ಎಂಟು ವಾರ ಅಂದಿದ್ದರೇನಾಗುತ್ತಿತ್ತೋ, ದ್ಯಾವಣ್ಣ!"

ಆರನೆಯ ವಾರ ದೊರೆಯೇ ಸೆರೆಮನೆಗೆ ಬಂದ. ದ್ಯಾವಣ್ಣ ಬೇಕೆಂದೇ ಅವನ ಬಲಕ್ಕೆ ನಿಂತ. ದೊರೆ ಕತ್ತು ತಿರುಗಿಸಿ ನೋಡಿದ. ಮುಖ ಕಿವುಚಲಿಲ್ಲ.

"ಏನು ಬೇಕು?"

"ಇವರೆಲ್ಲರೂ."

ಬೀಗ ತೆಗೆದರು. ದೊರೆ ಒಂದು ಜೋಡಿ ಎತ್ತನ್ನೂ ಕೊಟ್ಟ. ದ್ಯಾವಣ್ಣ ಭಾವನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೊರಟ.

ನೋವು ವರ್ಷಕ್ಕೊಮ್ಮೆ ಇಣುಕುತ್ತಿತ್ತು. ದೊರೆ ಎದ್ದು ನಾಲ್ಕು ಸುತ್ತು ನಡೆಯುತ್ತಿದ್ದ. ಅದಕ್ಕಾಗಿ ಯಾರನ್ನೂ ಸೆರೆಗೆ ಹಾಕಲಿಲ್ಲ.