ಆಟಿಕೆ ವಾಪಸ್

ಕಲ್ಯಾಣಮಂಟಪದ ಮಾಲೀಕ ಶಿವಯೋಗಪ್ಪನಿಗೆ ಎಲ್ಲವೂ ದೊಡ್ಡದಿರಬೇಕು. ಕುರ್ಚಿ ದೊಡ್ಡದು, ಮೀಸೆ ದೊಡ್ಡದು. ಅಂಥವನ ಆಫೀಸಿಗೆ ಗುಮಾಸ್ತೆ ನೀಲವ್ವ ಕಡಿಮೆ ಬೆಲೆಯ, ಅಂಗೈಯಗಲದ ವಿಂಡೋಸ್ ಟ್ಯಾಬ್ ತಂದಳು.

"ಕಂಪ್ಯೂಟರ್ ತಾ ಅಂದ್ರ ಆಟಿಕಿ ತಂದೀಯಲ್ಲ! ನಾಳೆ ಮದುವಿ ಮುಗಿಯೋದ್ರೊಳಗ ವಾಪಸ್ ಕೊಡು. ಇಲ್ಲಾಂದ್ರ ನೀನೂ ಅದರ ಹಿಂದ ನಡಿ."

"ಆಯ್ತ್ರೀ ಸಾಹೇಬ್ರ," ಎಂದಳು ನೀಲವ್ವ.

ಮರುದಿನ ಉಗ್ರಾಣದ ದೊಡ್ಡ ಟಿವಿ ಮಂಟಪದ ಬಾಗಿಲಿಗೆ ಬಂದಿತ್ತು. ಅದರ ಮೇಲೆ ವಧೂವರರ ಹೆಸರು ಥಳಥಳ ಹೊಳೆಯುತ್ತಿತ್ತು. ಕೆಳಗೊಂದು ಹೂವಿನ ಬುಟ್ಟಿ. ಹೆಣ್ಣಿನ ತಂದೆ ನಿಂತು ನೋಡಿ ತಲೆದೂಗಿದ.

ಶಿವಯೋಗಪ್ಪ ಮೀಸೆ ತಿರುವಿದ. "ನೋಡವಾ, ನಿನ್ನ ಆಟಿಕಿಲೆ ಇದು ಆಗ್ತಿತ್ತೇನು? ಕೊಟ್ಟು ಬಂದಿ ಇಲ್ಲೋ?"

"ಇಲ್ರೀ. ಈಗ ಕೊಟ್ಟು ಬರ್ಲೇನ್ರೀ?"

"ಈಗಿಂದೀಗ!"

ನೀಲವ್ವ ಬುಟ್ಟಿಯೊಳಗೆ ಕೈಹಾಕಿ, ಟಿವಿಗೆ ಹೋಗಿದ್ದ ವೈರ್ ಕಿತ್ತು, ಟ್ಯಾಬ್ ಎತ್ತಿಕೊಂಡಳು. ಟಿವಿ ಕಪ್ಪಾಯಿತು.

"ಅಯ್ಯಯ್ಯ, ತಲಿ ಮ್ಯಾಲ ಅಕ್ಕಿಕಾಳು ಬೀಳೋ ಹೊತ್ತಿಗೆ ಮಕ್ಕಳ ಹೆಸರ ಹೋತಲ್ರೀ!" ಹೆಣ್ಣಿನ ತಂದೆ ಎದೆ ಹಿಡಿದುಕೊಂಡ.

ಶಿವಯೋಗಪ್ಪನ ಮೀಸೆ ಇಳಿಯಿತು. "ಹಾಕವಾ ತಾಯಿ, ಮೊದಲ ಹಾಕು!"

ಹೆಸರು ಮತ್ತೆ ಬೆಳಗಿತು.

"ಮತ್ತ ಇದನ್ನ ವಾಪಸ್ ಕೊಡೋದ್ರೀ?" ನೀಲವ್ವ ಮೆಲ್ಲಗೆ ಕೇಳಿದಳು.

ಅವನು ಸುತ್ತ ನೋಡಿ ಪಿಸುಗುಟ್ಟಿದ: "ಅಲ್ಲೇ ಇರ್ಲಿ. ಮ್ಯಾಲೆ ಇನ್ನೊಂದಿಷ್ಟು ಹೂವ ಹಾಕು."