ಬಿಸಿನೀರಿನ ನೆಪ

ಹೊಳೆದಂಡೆಯ ಮಠದ ಹಿಂದೆ ಒಂದು ಹೆರಿಗೆ ಕೋಣೆ ಇತ್ತು. ನರ್ಸ್ ಕೆಲಸದಿಂದ ನಿವೃತ್ತಳಾದ ಹಂಪವ್ವ ಅದನ್ನು ನಡೆಸುತ್ತಿದ್ದಳು. ಪಾರವ್ವ ಅವಳ ಶಿಷ್ಯೆ.

ಹೆತ್ತ ಕೂಸನ್ನು ಕಳೆದುಕೊಂಡು ಬಂದವಳು ಪಾರವ್ವ. ಕೆಲಸದಲ್ಲಿ ಎತ್ತಿದ ಕೈ. ಆದರೆ ಯಾರ ಜೊತೆಗೂ ಮಾತಿಲ್ಲ. ಉಣ್ಣುವಾಗಲೂ ಗೋಡೆಗೆ ಮುಖ ಮಾಡಿ ಒಬ್ಬಳೇ ಕೂರುವಳು.

ಆ ಕೋಣೆಯಲ್ಲಿ ಒಂದು ರೂಢಿ. ಹುಟ್ಟುವಾಗ ಕೂಸನ್ನು ಹಿಡಿದವಳೇ ಅದರ ಅಂಗಾಲನ್ನು ತನ್ನ ಬರಿಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಬೇಕು. ಆ ಹೊತ್ತು ಬಂತೋ, ಪಾರವ್ವ ಕೂಸನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಬಿಸಿನೀರು ತರುತ್ತೇನೆಂದು ಹೊರಗೆ ಹೋಗಿಬಿಡುವಳು. ಹಂಪವ್ವನ ಕಣ್ಣಿಗೆ ಬೀಳದ್ದು ಉಂಟೇ? ಆದರೂ ತಾನೇ ಕೂತು ಆ ಅಂಗಾಲನ್ನು ಬೆಚ್ಚಗೆ ಮಾಡುವಳು.

ಒಂದು ಮಧ್ಯಾಹ್ನ ಬಸಲಿಂಗಿ ಎಂಬ ಹುಡುಗಿಯ ಚೊಚ್ಚಲ ಹೆರಿಗೆ. ಪಾರವ್ವ ಅವಳ ಹೊಟ್ಟೆಯ ಮೇಲೆ ಮರದ ಕೊಳವೆ ಇಟ್ಟು ಕೂಸಿನ ಎದೆಬಡಿತ ಕೇಳುತ್ತಿದ್ದಳು. ನೋವು ಬಂದಾಗ ಬಡಿತ ನಿಧಾನವಾಯಿತು. ಪಾರವ್ವನ ಮುಖ ಬಿಳಿಚಿಕೊಂಡಿತು.

"ಕೂಸು ಸೋಲಾಕತ್ತೈತಿ, ಅವ್ವ," ಎಂದು ಪಿಸುಗುಟ್ಟಿದಳು.

"ಕಿವಿ ತೆಗೀಬ್ಯಾಡ. ನೋವು ಇಳಿಯೋತನಕ ಕೇಳು."

ನೋವು ಇಳಿಯಿತು. ಬಡಿತ ಮತ್ತೆ ಚುರುಕಾಯಿತು. ಪಾರವ್ವನಿಗೆ ಅಳುವೇ ಬಂತು.

ಹಂಪವ್ವ ಮೆಲ್ಲಗೆ ತಿಳಿಸಿ ಹೇಳಿದಳು. ನೋವು ಬಿಗಿದಾಗ ಕೂಸಿಗೆ ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಅದರ ನರಗಳೇ ಎದೆಬಡಿತವನ್ನು ತಗ್ಗಿಸುತ್ತವೆ, ಕೈಕಾಲಿನ ರಕ್ತನಾಳಗಳನ್ನು ಬಿಗಿ ಮಾಡುತ್ತವೆ. ಹಾಗಾಗಿ ರಕ್ತದ ಒತ್ತಡ ಬೀಳುವುದಿಲ್ಲ. ಇದ್ದಷ್ಟು ರಕ್ತ ಮಿದುಳಿಗೂ ಹೃದಯಕ್ಕೂ ಹೋಗುತ್ತದೆ.

"ಹಂಗ ಮಾಡು ಅಂತ ಅದಕ್ಕ ಯಾರು ಹೇಳ್ತಾರ?"

"ಒಳಗ ಯಾರದಾರ, ಪಾರಿ? ಅದೊಂದ ಐತಿ."

ಪಾರವ್ವ ಮತ್ತೆ ಕೊಳವೆಗೆ ಕಿವಿ ಇಟ್ಟಳು. ಆಮೇಲೆ ತೆಗೆಯಲಿಲ್ಲ.

ಹೊತ್ತು ಇಳಿಯುವಷ್ಟರಲ್ಲಿ ಕೂಸು ಹುಟ್ಟಿತು, ಜೋರಾಗಿಯೇ ಅತ್ತಿತು. ಕೈಕಾಲು ಮಾತ್ರ ನೀಲಿ, ತಣ್ಣಗೆ. ಪಾರವ್ವ ಅದನ್ನು ಒರೆಸಿ, ಬಟ್ಟೆ ಸುತ್ತಿ, ತಾಯಿಯ ಎದೆಯ ಮೇಲೆ ಮಲಗಿಸಿ, ಬಿಸಿನೀರು ತರಲು ಎದ್ದಳು.

ಬಿಸಿನೀರಿನ ಕೊಡ ಬಾಗಿಲಲ್ಲೇ ಹಬೆಯಾಡುತ್ತಿತ್ತು. ಹಂಪವ್ವ ಮೊದಲೇ ತಂದಿಟ್ಟಿದ್ದಳು.

ಪಾರವ್ವ ನಿಂತಲ್ಲೇ ನಿಂತಳು. "ನನ್ನ ಕೈ ತಣ್ಣಗದಾವ, ಅವ್ವ," ಎಂದಳು.

ಹಂಪವ್ವ ಆ ಕೈಗಳನ್ನು ಹಿಡಿದು ತಂದು, ಕೂಸಿನ ಪುಟ್ಟ ಅಂಗಾಲನ್ನು ಅವುಗಳೊಳಗೆ ಇಟ್ಟಳು.

"ಕೂಸು ಉಸಿರು ಕಟ್ಟಿದಾಗ ಕೈಕಾಲಿನ ರಕ್ತ ತಡದು ಜೀವ ಉಳಿಸ್ಕೊಂಡೈತಿ, ಸರಿ. ಈಗ ಉಸಿರಾಡಾಕತ್ತೈತಿ. ನೀನೂ ಉಸಿರಾಡಾಕತ್ತಿಯಲ್ಲ, ಪಾರಿ. ನಿನ್ನ ಕೈಗೆ ರಕ್ತ ಯಾವಾಗ ಬಿಡ್ತಿ?"