ಎಲೆಯಡಿಯ ಹಾಗಲಕಾಯಿ

"ಈ ಆಸ್ಥಾನದಲ್ಲಿ ಒಳಗೊಂದು ಹೊರಗೊಂದು ಇಲ್ಲದವನು ಅಂದರೆ ನಾನೊಬ್ಬನೇ!" ಎಂದು ದೊರೆ ಮಲ್ಲಭೂಪ ಮೀಸೆ ತಿರುವಿದ. "ಉಳಿದವರದೆಲ್ಲ ಬರೀ ನಾಟಕ. ಏನಂತೀಯ, ಸೂರಪ್ಪ?"

ಸೂರಪ್ಪ ಆಸ್ಥಾನದ ವಿದೂಷಕ. ಹೌದೆಂದು ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವನ ನಾಲಿಗೆ ಸುಮ್ಮನಿರಬೇಕಲ್ಲ! "ತಮ್ಮಂಥವರು ಇಲ್ಲಿ ಇನ್ನೂ ಇದ್ದಾರೆ, ಪ್ರಭೂ" ಎಂದುಬಿಟ್ಟ.

"ನನ್ನಂಥವರೇ? ನಾಳೆ ಸಂಜೆಯೊಳಗೆ ಒಬ್ಬನನ್ನಾದರೂ ತೋರಿಸು. ಇಲ್ಲವಾದರೆ ಗಂಟುಮೂಟೆ ಕಟ್ಟಿ ಈ ರಾಜ್ಯ ಬಿಡು!"

ಸೂರಪ್ಪ ತಲೆ ಕೆರೆದುಕೊಳ್ಳುತ್ತ ಮನೆಯ ದಾರಿ ಹಿಡಿದ. ಮನೆಯಲ್ಲಿ ತುಂಬು ಬಸುರಿ ಹೆಂಡತಿ. ಅವಳನ್ನು ಕಟ್ಟಿಕೊಂಡು ಎಲ್ಲಿಗೆಂದು ಹೋಗುವುದು?

ದೊರೆಗೆ ಹಾಗಲಕಾಯಿ ಪಲ್ಯವೆಂದರೆ ಪ್ರಾಣ ಎಂದು ರಾಜ್ಯಕ್ಕೆಲ್ಲ ಗೊತ್ತಿತ್ತು. ಅರಮನೆಯ ಪಂಕ್ತಿಯಲ್ಲಿ ದಿನಾ ಅದೇ. ಬಾಳೆಲೆಯ ಮೇಲೆ ಏನನ್ನೂ ಉಳಿಸಬಾರದೆಂಬುದು ಅಲ್ಲಿನ ಕಟ್ಟಳೆ. ದೊರೆ "ಭೇಷ್!" ಅಂದರೆ ಪಂಕ್ತಿಯೆಲ್ಲ "ಭೇಷ್, ಭೇಷ್!" ಅನ್ನಬೇಕು. ಮರುದಿನವೂ ಅಂದರು.

ಊಟ ಮುಗಿಯುತ್ತಲೇ ಸೂರಪ್ಪ ಎದ್ದು ಕೈಮುಗಿದ. "ಪ್ರಭೂ, ಇವತ್ತು ಎಲೆ ಎತ್ತುವ ಕೆಲಸ ನನಗೆ ಕೊಡಿ."

"ಎತ್ತಪ್ಪ, ಯಾರು ಬೇಡ ಅಂದರು?"

ಮಂತ್ರಿಯ ಎಲೆ ಎತ್ತಿದ. ಅಡಿಯಲ್ಲಿ ಹಾಗಲಕಾಯಿ ಪಲ್ಯ! ಸೇನಾಪತಿಯ ಎಲೆಯಡಿಯಲ್ಲೂ ಅದೇ, ಪುರೋಹಿತರ ಎಲೆಯಡಿಯಲ್ಲೂ ಅದೇ.

ದೊರೆ ಕೆಂಡಾಮಂಡಲವಾದ. "ಕಪಟಿಗಳು! ಬಾಯಲ್ಲಿ ಭೇಷ್, ಎಲೆಯಡಿಯಲ್ಲಿ ಪಲ್ಯ!"

"ತಮ್ಮ ಎಲೆಯೊಂದು ಉಳಿದಿದೆ" ಎಂದು ಸೂರಪ್ಪ ದೊರೆಯ ಮುಂದೆ ಬಗ್ಗಿದ.

ಮಲ್ಲಭೂಪ ಎರಡೂ ಕೈಗಳಿಂದ ತನ್ನ ಎಲೆಯನ್ನು ಒತ್ತಿಹಿಡಿದ!

"ಮದುವೆಯ ಹೊಸದರಲ್ಲಿ ಅತ್ತೆಯ ಮುಂದೆ ಚೆನ್ನಾಗಿದೆ ಅಂದುಬಿಟ್ಟೆ ಕಣೋ" ಎಂದ ದೊರೆ ಮೆಲ್ಲಗೆ. "ಅವತ್ತಿನಿಂದ ಅರಮನೆಯಲ್ಲೂ ದಿನಾ ಇದನ್ನೇ ಬಡಿಸುತ್ತಾರೆ. ಬೇಡ ಅನ್ನುವುದಕ್ಕೆ ಇವತ್ತಿಗೂ ಧೈರ್ಯ ಬಂದಿಲ್ಲ." ಪಾಪ, ಅವನ ಮುಖ ನೋಡಿ ಸೂರಪ್ಪನಿಗೇ ಅಯ್ಯೋ ಅನ್ನಿಸಿತು.

"ಬೇಜಾರು ಬೇಡಿ, ಪ್ರಭೂ. ಒಬ್ಬನನ್ನು ತೋರಿಸು ಅಂದಿರಿ, ನಾನು ಪಂಕ್ತಿಯನ್ನೇ ತೋರಿಸಿದ್ದೇನೆ. ಎಲ್ಲರೂ ಥೇಟ್ ತಮ್ಮಂಥವರೇ!"

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಾಳೆಯಿಂದ ಯಾರಿಗೆ ಯಾವುದು ಬೇಡವೋ ಬಾಯಿಬಿಟ್ಟು ಹೇಳಿ ಎಂದು ಅಪ್ಪಣೆ ಮಾಡಿ, ಬೆರಳಿನ ಉಂಗುರವನ್ನು ಸೂರಪ್ಪನಿಗೆ ತೊಡಿಸಿದ. ತೊಡಿಸಿದವನೇ ಬಗ್ಗಿ ಅವನ ಎಲೆಯನ್ನು ಎತ್ತಿ ನೋಡಿದರೆ, ಅಡಿಯಲ್ಲಿ ಚೂರೂ ಇಲ್ಲ!

"ಅಲ್ಲಯ್ಯಾ, ಹಾಗಾದರೆ ಇಲ್ಲಿ ಒಳಗೊಂದು ಹೊರಗೊಂದು ಇಲ್ಲದವನು ನೀನೊಬ್ಬನೇನೋ?"

"ಎಲ್ಲಿಯ ಮಾತು, ಪ್ರಭೂ! ಮಂತ್ರಿಗಳ ಪಕ್ಕದಲ್ಲೇ ಕೂತಿದ್ದೆ. ಅವರ ಎಲೆಯಡಿಯಲ್ಲಿ ಇರುವುದರಲ್ಲಿ ಅರ್ಧ ನನ್ನದು."